ನನ್ನ ಕೈಗೆ ಹತ್ತದ ಗಾಡಿ

ಗಾಡಿಗೆ ಗಂಡಸಿನ ಕೈ ಬೇಕು ಎಂದು ಮೊದಲು ಹೇಳಿದವಳು ಎದುರುಮನೆಯವಳು. ಆಮೇಲೆ ಓಣಿಯಲ್ಲಿ ಒಬ್ಬೊಬ್ಬರೇ ಶುರು ಮಾಡಿದರು. ಹಾಲು ಹಾಕುವವನು ಕ್ಯಾನು ಇಳಿಸಿ ಹೇಳಿದ, ಪಾರ್ಸಲ್ ತಂದವನು ಸಹಿ ಹಾಕಿಸಿಕೊಂಡು ಹೇಳಿದ. ಕಡೆಗೆ ನಮ್ಮವ್ವನೂ ಹೇಳಿದಳು. ಅವರೆಲ್ಲ ಇದನ್ನು ಹೇಳುವಾಗ ನಾನು ಆಳಂದದ ನಮ್ಮ ಮನೆಯ ಅಂಗಳದಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಅಪ್ಪನ ಹಳೇ ಅಂಬಾಸಿಡರ್ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಿಂತಿರುತ್ತಿದ್ದೆ. ಮುಖ ಕಾಣದ ಕಾರಣ ಎಲ್ಲರಿಗೂ ಧೈರ್ಯ ಬರುತ್ತಿತ್ತು. ಮುಖಕ್ಕೆ ಹೇಳಿದ್ದರೆ ನನ್ನ ಉತ್ತರ ಏನಿರುತ್ತದೆ ಎಂದು ಓಣಿಗೆ ಗೊತ್ತಿದೆ.

ನಾನು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಅಕ್ಕೋರು. ಒಂದು ಸೆಲ್ಲು, ಒಂದು ಬಲ್ಬು, ಎರಡು ತುಂಡು ವೈರು ಹಿಡಿದು ಪ್ರತಿವರ್ಷ ವಿದ್ಯುತ್ತಿನ ಪಾಠ ಮಾಡುತ್ತೇನೆ. ದಾರಿ ಪೂರ್ತಿಯಾಗಿದ್ದರೆ ಕರೆಂಟು ಹರಿಯುತ್ತದೆ, ಎಲ್ಲಾದರೂ ಕಡಿದಿದ್ದರೆ ಇಲ್ಲ. ಅದಕ್ಕೆ ಗಂಡಸರ ಕೈ ಹೆಂಗಸರ ಕೈ ಎಂಬುದೇ ಇಲ್ಲ. ಇಷ್ಟು ಗೊತ್ತಿದ್ದೂ ಆ ಗಾಡಿಯ ಮುಂದೆ ನಾನು ಪೆಚ್ಚಾಗಿದ್ದೆ. ನಾನು ಕೀಲಿ ತಿರುವಿದರೆ ಎಂಜಿನ್ನು ಗರಗರ ತಿರುಗುವುದು, ಹತ್ತಿಕೊಳ್ಳುವುದಿಲ್ಲ. ಜೇವರ್ಗಿಯಿಂದ ನನ್ನ ತಮ್ಮ ಬಂದು ಕೂತರೆ ಮೊದಲ ಸಲಕ್ಕೇ ಹತ್ತಿಕೊಳ್ಳುವುದು. ಅವನು ಬಾಗಿಲು ತೆಗೆದು ಕೂತು, "ಸೀಟು ಮತ್ತ ಹಿಂದ ಸರದದ ನೋಡು" ಎಂದು ಬಗ್ಗಿ ಸೀಟನ್ನು ಮುಂದೆ ಎಳೆದುಕೊಂಡು, ಅಂಗಿಯ ಇಸ್ತ್ರಿ ಮುರಿಯದಂತೆ ಕೀಲಿ ತಿರುವಿದನೆಂದರೆ ಆಯಿತು. ಎದುರುಮನೆಯವಳು ಗ್ಯಾಲರಿಯಿಂದ ನನ್ನ ಕಡೆ ನೋಡಿ ನಗುತ್ತಿದ್ದಳು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಗಾಡಿ ನನ್ನದು. ಅಪ್ಪ ಸಾಯುವ ಮುಂಚೆ, ಬಳಗವೆಲ್ಲ ಮಂಚದ ಸುತ್ತ ನೆರೆದಿದ್ದಾಗ, ಎಲ್ಲರ ಮುಂದೆ ಹೇಳಿದ ಮಾತು ಅದು. "ಗಾಡಿ ನನ್ನ ಮಗಳಿಗಿ. ಯಾರೂ ತಂಟಿ ತಗೀಬಾರ್ದು." ತಮ್ಮ ಹೂಂ ಎಂದು ತಲೆಯಾಡಿಸಿದ. ಕರಜಗಿಯಿಂದ ಬಂದಿದ್ದ ನಮ್ಮ ಸೋದರಮಾವ ನನ್ನ ತಲೆ ಸವರಿದ. ಇಂಥ ಅಪ್ಪ ಯಾರಿಗೆ ಸಿಗುತ್ತಾನೆ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಜಮೀನು ತಮ್ಮನಿಗೆ ಹೋಗಿತ್ತು, ಆ ಬಗ್ಗೆ ನಾನು ಚಕಾರ ಎತ್ತಿರಲಿಲ್ಲ. ಅಪ್ಪ ಅವ್ವ ಇದ್ದದ್ದು ನಾನು ಕಟ್ಟಿಸಿದ ಮನೆಯಲ್ಲಿ. ಕೊನೆಯ ತನಕ ಅಪ್ಪನನ್ನು ಎತ್ತಿ ಇಳಿಸಿದ್ದೂ ನಾನೇ. ಅಪ್ಪ ನನಗೆ ಅಂತ ಬಾಯಿಬಿಟ್ಟು ಕೊಟ್ಟದ್ದು ಅದೊಂದೇ ವಸ್ತು, ಅದೊಂದೇ ಮಾತು.

ಆ ಗಾಡಿಯ ಬಗ್ಗೆ ಒಂದಿಷ್ಟು ಹೇಳಬೇಕು. ಕಂದಾಯ ಇಲಾಖೆಯಲ್ಲಿದ್ದ ಅಪ್ಪ ಅದನ್ನು ಸರ್ಕಾರಿ ಹರಾಜಿನಲ್ಲಿ ಹಿಡಿದು ತಂದಿದ್ದ. ನಮ್ಮ ಓಣಿಯಲ್ಲಿ ಅದೇ ಮೊದಲ ಕಾರು. ಊರಿನ ಬೇರೆ ಓಣಿಗಳಲ್ಲಿ ಅದಕ್ಕೂ ಮೊದಲೇ ಕಾರುಗಳಿದ್ದವು, ನಮ್ಮ ಓಣಿಯಲ್ಲಿ ಯಾಕೆ ಇರಲಿಲ್ಲ ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಂದ ದಿನ ಅಪ್ಪ ಮುಂದಿನ ಗಾಜಿಗೆ ನೀಲಿ ಬಾವುಟ ಸಿಕ್ಕಿಸಿ, ನಡುಬೀದಿಯಲ್ಲಿ ಎತ್ತಿನ ಗಾಡಿಗಿಂತ ಮೆಲ್ಲಗೆ ಓಡಿಸಿದ. ಎದುರಿಗೆ ಯಾರೂ ಇಲ್ಲದಲ್ಲೂ ಹಾರ್ನು ಬಾರಿಸಿದ. ನಾನು ಹಿಂದಿನ ಸೀಟಿನಲ್ಲಿದ್ದೆ. ಆ ದಿನದ ಸಂತೋಷವನ್ನು ಇವತ್ತಿನ ಸಿಟ್ಟಿನಲ್ಲಿಯೂ ಕಡಿಮೆ ಮಾಡಿ ಹೇಳಲಾರೆ.

ನಾನು ಬಿ.ಎಡ್. ಮುಗಿಸಿದ ಮೇಲೆ ಕಲಬುರ್ಗಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡು ಬಂದೆ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಸಭೆಗಳಲ್ಲಿ ಮೈಕು ಹಿಡಿದಾಗಲೆಲ್ಲ ನನ್ನ ಉದಾಹರಣೆ ಕೊಡುತ್ತಿದ್ದ. "ಹೆಣ್ಣುಮಕ್ಕಳ ಕೈಯಾಗ ಸ್ಟೇರಿಂಗ್ ಕೊಡ್ರಿ, ಸಮಾಜ ತಾನಾ ಮುಂದ ಹೋಗ್ತದ" ಎನ್ನುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಮನೆಗೆ ಬಂದು ಕೀಲಿ ಕೇಳಿದರೆ ಮಾತ್ರ ಒಂದೊಂದು ಸಲ ಒಂದೊಂದು ನೆಪ. ಇವತ್ತು ಬ್ರೇಕು ಸರಿ ಇಲ್ಲ, ನಾಳೆ ಟಯರು ಸವೆದಿದೆ, ನಾಡಿದ್ದು ಸಂತೆಯ ದಿನ, ರಸ್ತೆ ತುಂಬ ಜನ. ಅವನು ಊರಲ್ಲಿಲ್ಲದಾಗ ನಾನೇ ಕೀಲಿ ತೆಗೆದುಕೊಂಡು ಯತ್ನ ಮಾಡಿದ್ದೂ ಉಂಟು. ಆಗಲೂ ಗರಗರ, ಅಷ್ಟೇ. ಹಳೇ ಗಾಡಿ, ತಣ್ಣಗಾದರೆ ಹತ್ತುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ಸಮಜಾಯಿಷಿ ಕೊಟ್ಟುಕೊಂಡು ಕಿಣ್ಣಿ ಸುಲ್ತಾನದ ಬಸ್ಸು ಹತ್ತಿದೆ. ಇವತ್ತಿನ ತನಕವೂ ಅದೇ ಬಸ್ಸು.

ಅಪ್ಪ ಹೋದ ಮೇಲೆ ನನಗೆ ಒಂದೇ ಆಸೆ ಹತ್ತಿತು. ಕರಜಗಿ ನಮ್ಮವ್ವನ ತವರು. ನಾನು ಹುಟ್ಟಿದಂದಿನಿಂದ ಅಲ್ಲಿಗೆ ಬಸ್ಸಿನಲ್ಲಿ, ಟಂಟಂನಲ್ಲಿ, ಅಪ್ಪನ ಹಿಂದೆ, ತಮ್ಮನ ಹಿಂದೆ ಹೋಗಿದ್ದೇನೆ. ಒಂದೇ ಒಂದು ಸಲ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಾನೇ ಓಡಿಸಿಕೊಂಡು, ಮಾವನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಬೇಕು. ತಲೆ ನೆರೆತ ಮೇಲೆ ಇದೆಂಥ ಹುಚ್ಚು ಎನ್ನುವವರು ಎನ್ನಲಿ. ಅಪ್ಪ ಕೊಟ್ಟದ್ದು ಖರೇ ಕೊಟ್ಟದ್ದು ಎಂದು ನನಗೆ ಅನಿಸಬೇಕಿದ್ದರೆ ಅಷ್ಟು ಆಗಬೇಕಿತ್ತು.

ಹೀಗಾಗಿ ನಾನು ರವಿವಾರಗಳನ್ನು ಗಾಡಿಗೆ ಬರೆದುಕೊಟ್ಟೆ. ಮೊದಲು ಹಿಡಿದದ್ದು ಅರ್ಥಿಂಗು. ಮನೆಯ ವೈರಿಂಗಿನಲ್ಲಿ ಕರೆಂಟು ಹೋಗಲು ಒಂದು ವೈರು, ಬರಲು ಒಂದು ವೈರು. ಕಾರಿನಲ್ಲಿ ಹೋಗಲು ಮಾತ್ರ ವೈರು, ವಾಪಸು ಬರುವುದು ಗಾಡಿಯ ಕಬ್ಬಿಣದ ಮೈಯಿಂದಲೇ. ಮೈಗೆ ತುಕ್ಕು ಹಿಡಿದರೆ ಬರುವ ದಾರಿ ಕೆಡುತ್ತದೆ, ಕರೆಂಟು ಸಿಕ್ಕಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಎಡಕ್ಕೆ ತಿರುಗುವ ದೀಪ ಹಾಕಿದರೆ ಹೆಡ್‌ಲೈಟು ಮಿಣಮಿಣ ಎನ್ನುತ್ತಿದ್ದದ್ದು ಅದಕ್ಕೇ. ಬ್ಯಾಟರಿಯಿಂದ ಮೈಗೆ ಬಿಗಿದ ಪಟ್ಟಿಯನ್ನು ಬಿಚ್ಚಿ, ಉಪ್ಪುಕಾಗದದಿಂದ ತಿಕ್ಕಿ, ಬಣ್ಣದ ಕೆಳಗಿನ ಹಸಿ ಕಬ್ಬಿಣ ಕಾಣುವ ತನಕ ತಿಕ್ಕಿ, ಮತ್ತೆ ಬಿಗಿದೆ. ಹೆಡ್‌ಲೈಟು ಝಗ್ಗನೆ ಹತ್ತಿತು. ಹಗಲು ಹನ್ನೊಂದರ ಬಿಸಿಲಿನಲ್ಲಿ ಹೆಡ್‌ಲೈಟು ಹಾಕಿಕೊಂಡು ಒಬ್ಬಳೇ ನಕ್ಕೆ. ಎಂಜಿನ್ನು ಮಾತ್ರ ಹತ್ತಲಿಲ್ಲ.

ಆಮೇಲೆ ಫ್ಯೂಜಿನ ಡಬ್ಬಿ ತೆಗೆದೆ. ಫ್ಯೂಜ್ ಇರಬೇಕಾದಲ್ಲಿ ಅಪ್ಪ ಬೇಗಡೆ ಕಾಗದ ಸುತ್ತಿ ತುರುಕಿದ್ದ. ಗಾಡಿಗೆ ಬೆಂಕಿ ಬೀಳದೆ ಇದ್ದದ್ದು ನಮ್ಮ ಪುಣ್ಯ. ಹಾರ್ನಿನ ವೈರು ಸ್ಟೇರಿಂಗಿನೊಳಗೆ ಸವೆದು ಕಬ್ಬಿಣಕ್ಕೆ ತಾಗುತ್ತಿತ್ತು, ಅದಕ್ಕೇ ತಿರುವಿನಲ್ಲಿ ತಾನೇ ಕೂಗುತ್ತಿತ್ತು. ವೈಪರು ಅರ್ಧಕ್ಕೆ ನಿಂತು ಯೋಚನೆ ಮಾಡುತ್ತಿತ್ತು. ಒಂದೊಂದನ್ನೂ ಹಿಡಿದು ಸರಿ ಮಾಡಿದೆ. ಬಲ್ಬಿನ ಹೋಲ್ಡರಿಗೆ ಎರಡು ವೈರು ಕಟ್ಟಿ, ಒಂದನ್ನು ಗಾಡಿಯ ಮೈಗೆ ಸಿಕ್ಕಿಸಿ, ಇನ್ನೊಂದರ ತುದಿಯಿಂದ ಒಂದೊಂದು ಕಡೆ ಮುಟ್ಟಿ ನೋಡುವುದು. ಬಲ್ಬು ಹತ್ತಿದರೆ ಅಲ್ಲಿಯ ತನಕ ಕರೆಂಟಿದೆ. ಶಾಲೆಯಲ್ಲಿ ಮಾಡಿಸುವ ಪ್ರಯೋಗವೇ, ಇಲ್ಲಿ ಸೊಂಟ ಹಿಡಿಯುತ್ತದೆ, ಅಷ್ಟೇ ಫರಕು.

ಅವ್ವ ಶೆಡ್ಡಿನ ಹತ್ತಿರ ಹೊರಸು ಹಾಕಿಕೊಂಡು ಕೂತು ನೋಡುತ್ತಿದ್ದಳು. ತೊಗರಿ ಹಸನ ಮಾಡುವಳು, ನಡುನಡುವೆ ಎದ್ದು ಚಹಾ ಮಾಡಿ ತರುವಳು. "ಸಾಕ್ ಬಿಡವ್ವ, ಯಾಕ ಜೀವಾ ತೇಯತಿ" ಎನ್ನುವಳು. ನನ್ನ ಕೈಯಲ್ಲಿನ ಗಾಯಕ್ಕೆ ಅರಿಸಿನ ಹಚ್ಚುವಳು. ಎದುರುಮನೆಯವಳು ಹೇಳಿದಳೆಂದು ಒಂದು ರವಿವಾರ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು. ನಾವು ಬುದ್ಧವಂದನೆ ಮಾಡುವ ಮನೆಯವರು, ದಸರೆಗೂ ಗಾಡಿಗೆ ಪೂಜೆ ಮಾಡಿದವರಲ್ಲ. ನಾನು ನಿಂಬೆಹಣ್ಣು ಎತ್ತಿಕೊಂಡು ಹೋಗಿ ಅವಳೆದುರೇ ಹೆಚ್ಚಿ ಪಾನಕ ಮಾಡಿ ಕುಡಿದೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಎಷ್ಟು ಚಂದ ನಕ್ಕಳು ಎಂದರೆ, ಅವಳೂ ನನ್ನ ಪಕ್ಷ ಎಂದೇ ನಾನು ತಿಳಿದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದ ಮುದುಕ ಒಬ್ಬನಿದ್ದ, ಅಪ್ಪನ ಕಾಲದಿಂದ ಈ ಗಾಡಿಯ ವೈರಿಂಗ್ ನೋಡಿದವನು. ಕರೆಸಿದೆ. ಬಂದವನು ಸ್ಟೇರಿಂಗಿನ ಕೆಳಗೆ ಕೈ ಹಾಕಿದ, ಕೀಲಿ ತಿರುವಿದ, ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕೈ ಒರೆಸಿಕೊಳ್ಳತೊಡಗಿದ.

"ಅಕ್ಕೋರೆ, ಗಾಡಿ ಭಾಳ ಹಳೇದಾಗ್ಯಾದ್ರಿ. ತಮ್ಮೋರು ಬರ್ಲಿ, ಅವರ ಎದುರಾ ನೋಡಾಣ್ರಿ."

"ಗಾಡಿ ನಂದದ. ನನ್ನ ಎದುರಾ ನೋಡ್ರಿ."

"ಹಂಗಲ್ರಿ... ತಮ್ಮೋರಿಗಿ ಕೇಳ್ರಿ ಒಂದ್ ಮಾತು" ಎಂದು ಚಪ್ಪಲಿ ಮೆಟ್ಟಿದ. ಅವ್ವ ಕೊಟ್ಟ ಚಹಾವನ್ನೂ ಅರ್ಧಕ್ಕೆ ಬಿಟ್ಟು ಹೋದ. ಹೆಂಗಸಿನ ಹತ್ತಿರ ಕೆಲಸದ ಮಾತಾಡಲು ನಾಚಿಕೆಯಿರಬೇಕು ಎಂದು ನಾನು ಬೈದುಕೊಂಡೆ. ತಮ್ಮನಿಗೆ ಫೋನು ಮಾಡಿ ಕೇಳಿದರೆ ಅವನು, "ಅಕ್ಕ, ಅದಕ್ಕ ಅದರದ್ದಾ ಒಂದು ಮೂಡ್ ಅದ. ನೀ ಯಾಕ ತಲಿ ಕೆಡಿಸ್ಕೊಳ್ತಿ, ನಾ ಬಂದಾಗ ಹೋಗಾಣಲ್ಲ" ಎಂದ.

ಅವನು ಬಂದಾಗ ಹೋಗುತ್ತಿದ್ದೆವು, ಖರೆ. ಅವನು, ಅವನ ಹೆಂಡತಿ ಮುಂದೆ, ನಾನು ಮತ್ತು ಅವ್ವ ಹಿಂದೆ. ಹಳೇ ಗಾಡಿಗೆ ಈಗ ಬೇರೆಯೇ ಕಿಮ್ಮತ್ತು. ಮದುವೆ ಮನೆಯ ಮುಂದೆ ನಿಲ್ಲಿಸಿದರೆ ಹುಡುಗರು ಬಂದು ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ. "ಗಾಡಿ ನಮ್ಮಕ್ಕಂದು" ಎಂದು ತಮ್ಮ ಎಲ್ಲರಿಗೂ ಹೇಳುತ್ತಿದ್ದ, ಬಾಯಿತುಂಬ ಹೇಳುತ್ತಿದ್ದ. ನನ್ನದೇ ಗಾಡಿಯಲ್ಲಿ ನಾನು ಪ್ಯಾಸೆಂಜರು.

ಕಡೆಗೆ ನಾನು ಹಟಕ್ಕೆ ಬಿದ್ದು ಬುಡದಿಂದ ಹಿಡಿದೆ. ಎಂಜಿನ್ನಿಗೆ ಕಿಡಿ ಕೊಡುವುದು ಕಾಯಿಲ್. ಕೀಲಿ ತಿರುವಿ, ಬಲ್ಬು ಹಿಡಿದು ನೋಡಿದರೆ ಕೀಲಿಯ ತನಕ ಕರೆಂಟಿದೆ, ಕಾಯಿಲ್‌ಗೆ ಬಂದಿಲ್ಲ. ಪಾಪ, ಕೀಲಿಯ ತಪ್ಪು ಎಂದು ಕೀಲಿ ಹಾಕುವ ಲಾಕನ್ನೇ ಬದಲಿಸಿದೆ. ಅದರಿಂದಲೂ ಏನೂ ಆಗಲಿಲ್ಲ. ಪರೀಕ್ಷೆಗೆಂದು ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ಒಂದು ತುಂಡು ವೈರು ಎಳೆದು ಕೀಲಿ ತಿರುವಿದೆ. ಗಾಡಿ ಹತ್ತಿತು. ನನ್ನ ಕೈಗೆ, ಮೊದಲ ಸಲ, ಹತ್ತಿತು. ತಗಡಿನ ಶೆಡ್ಡೆಲ್ಲ ನಡುಗಿತು.

ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ತಮ್ಮ ಯಾವಾಗ ಬಂದ?" ಎಂದಳು.

"ತಮ್ಮ ಬಂದಿಲ್ಲ. ನಾನಾ ಹಚ್ಚೀನಿ."

ಅವಳ ಮುಖ ಬಿಳಿಚಿಕೊಂಡಿತು. ಬಂದ ಹಾಗೇ ತಿರುಗಿ ಒಳಗೆ ಹೋದಳು. ರೊಟ್ಟಿ ಹೊತ್ತಿರಬೇಕು ಎಂದುಕೊಂಡೆ ನಾನು. ಎಷ್ಟು ಓದಿದರೂ ಕೆಲವು ವಿಷಯದಲ್ಲಿ ನಾನು ಶುದ್ಧ ದಡ್ಡಿ.

ಹಾಗೆ ನೇರ ವೈರು ಹಾಕಿ ಓಡಿಸಲಾಗುವುದಿಲ್ಲ, ಕೀಲಿ ತೆಗೆದರೂ ಎಂಜಿನ್ನು ಆರುವುದಿಲ್ಲ. ಅದು ರಿಪೇರಿಯಲ್ಲ, ಕಣ್ಣೊರೆಸುವ ಕೆಲಸ. ಆದರೆ ಒಂದು ಸಂಗತಿ ಖಚಿತವಾಯಿತು: ಕೀಲಿ ಮತ್ತು ಕಾಯಿಲ್ ನಡುವೆ ಎಲ್ಲೋ ದಾರಿ ಕಡಿದಿದೆ. ಮರುವಾರ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಮೊಬೈಲಿನ ಬೆಳಕು ಹಿಡಿದು, ಕೀಲಿಯಿಂದ ಹೊರಟ ಬಿಳಿ ವೈರನ್ನು ಬೆರಳಿನಿಂದ ಹಿಂಬಾಲಿಸಿದೆ. ಗೇಣುದ್ದ ಹೋಗಿ ಅದು ಕಪ್ಪು ಟೇಪಿನ ಗಂಟಿನಲ್ಲಿ ಮುಗಿಯಿತು. ಗಂಟಿನಿಂದ ಹೊರಟದ್ದು ಗಾಡಿಯ ವೈರಲ್ಲ. ಮನೆಗೆ ಹಾಕುವ ಹೆಣೆದ ಜೋಡಿ ವೈರು. ಅದು ಎಂಜಿನ್ನಿನ ಕಡೆ ಹೋಗದೆ ಕೆಳಗಿಳಿದು, ಕಾಲಡಿಯ ಚಾಪೆಯ ಕೆಳಗೆ ತೂರಿತ್ತು. ಚಾಪೆ ಎತ್ತಿದೆ. ಕ್ಲಿಪ್ಪು ಹೊಡೆದು, ಅಚ್ಚುಕಟ್ಟಾಗಿ, ನೇರವಾಗಿ ಎಳೆದಿದ್ದರು. ಕೆಟ್ಟುಹೋದ ವೈರು ಹೀಗಿರುವುದಿಲ್ಲ, ಯಾರೋ ಬೇಕೆಂದೇ ಹಾಕಿದ ವೈರು ಹೀಗಿರುತ್ತದೆ. ಅದು ಡ್ರೈವರ್ ಸೀಟಿನ ಕೆಳಗೆ ಹೋಗಿ ನಿಂತಿತ್ತು. ಅಲ್ಲಿ ಸೀಟಿನ ಚೌಕಟ್ಟಿಗೆ ಕಟ್ಟಿದ ಒಂದು ಕಟ್ಟಿಗೆ ತುಂಡು, ಅದರ ಮೇಲೆ ಹಳೇ ಕಾಲದ ಮನೆಗಳಲ್ಲಿರುತ್ತಿದ್ದ ಕಪ್ಪು ಗುಂಡು ಸ್ವಿಚ್ಚು.

ಈ ಭಾಗದಲ್ಲಿ ಇದಕ್ಕೆ ಚೋರ್ ಸ್ವಿಚ್ ಎನ್ನುತ್ತಾರೆ. ಟ್ರ್ಯಾಕ್ಟರಿಗೆ, ಜೀಪಿಗೆ, ಹಳೇ ಕಾರಿಗೆ ಎಲ್ಲರೂ ಹಾಕಿಸುವಂಥದ್ದೇ. ಕಳ್ಳ ಕೀಲಿ ಸಂಪಾದಿಸಿದರೂ ಗಾಡಿ ಹತ್ತಬಾರದು. ಅದು ಎಲ್ಲಿದೆ ಎಂದು ಮನೆಯ ಜನಕ್ಕೆ ಮಾತ್ರ ಗೊತ್ತಿರುತ್ತದೆ, ಅಪ್ಪ ಮಗನಿಗೆ ಗಾಡಿ ಒಪ್ಪಿಸುವಾಗ ಕೀಲಿಯ ಜೊತೆ ಅದನ್ನೂ ಕಿವಿಯಲ್ಲಿ ಹೇಳುತ್ತಾನೆ. ನಾನು ಒತ್ತಿದೆ. ಟಕ್ ಎಂದಿತು. ಎದ್ದು ಕೂತು ಕೀಲಿ ತಿರುವಿದೆ. ಗಾಡಿ ಹತ್ತಿತು.

ಎಂಜಿನ್ನಿನಲ್ಲಿ ದೋಷವೇ ಇರಲಿಲ್ಲ. ನಾನು ಇಷ್ಟು ದಿನ ಬಗ್ಗಿ, ಮಲಗಿ, ಕೈ ಕೊಯ್ದುಕೊಂಡು ಹುಡುಕಿದ್ದು ದೋಷವನ್ನಲ್ಲ. ಸೀಟು ಮುಂದೆ ಎಳೆದುಕೊಳ್ಳುವ ನೆಪದಲ್ಲಿ ತಮ್ಮ ಪ್ರತಿಸಲ ಕೈ ಹಾಕುತ್ತಿದ್ದದ್ದು ಅಲ್ಲಿಗೇ. ಇಳಿಯುವಾಗ ಹಿಂದೆ ಸರಿಸುವ ನೆಪದಲ್ಲಿ ಮತ್ತೆ ಅಲ್ಲಿಗೇ. ಬ್ಯಾಟರಿ ಅಂಗಡಿಯ ಮುದುಕ ನನ್ನ ಮುಖ ನೋಡಿದ್ದೂ ಅದಕ್ಕೇ, ಹಾಕಿಕೊಟ್ಟವನು ಅವನೇ ಇರಬೇಕು. ಎಂಜಿನ್ನು ಆರಿಸಿ ಕೆಳಗಿಳಿದೆ.

ಹೊರಸಿನ ಮೇಲೆ ಅವ್ವ ತೊಗರಿಯ ಮೊರ ಹಿಡಿದು ಕೂತಿದ್ದಳು, ಕೈ ಆಡುತ್ತಿರಲಿಲ್ಲ.

"ನಿನಗ ಗೊತ್ತಿತ್ತೇನು?" ಎಂದೆ.

"ಏನು?"

"ಅವ್ವ."

ಅವಳು ಮೊರದಲ್ಲಿನ ಕಾಳು ನೋಡುತ್ತ ಹೇಳಿದಳು. "ಗೊತ್ತಿತ್ತು. ನಿನಗ ಲೈಸನ್ಸ್ ಬಂದ ಹೊತ್ತಿನಾಗ ಹಾಕ್ಸಿದ್ದ ನಿಮ್ಮಪ್ಪ. ಹರೇದ ಹುಡುಗಿ, ಗಾಡಿ ಕಲ್ತಾಳ, ಎತ್ತಾಗರ ಹೋದಾಳು ಅಂತ ಅಂಜಿದ್ದ."

"ಎಲ್ಲಿಗಿ ಹೋಗತಿದ್ದೆ ನಾ?"

"ನನಗೇನ್ ಗೊತ್ತು. ಹೋಗೋರು ಹೇಳಿ ಹೋಗ್ತಾರೇನು?"

"ಈಗರ ಹೇಳಬೇಕಿತ್ತಲ್ಲ. ನನ್ನ ತಲಿ ಬೆಳ್ಳಗಾಗ್ಯಾದ. ಈಗ ಯಾರ ಕೂಡ ಓಡಿ ಹೋಗ್ತೇನಿ?"

"ನಿಮ್ಮಪ್ಪ ಮರ್ತಿದ್ದ, ನಾನೂ ಮರ್ತಿದ್ದೆ" ಎಂದಳು. ಆಮೇಲೆ ಇನ್ನಷ್ಟು ಸಣ್ಣ ದನಿಯಲ್ಲಿ, "ಹೋಗ್ಲಿ ಬಿಡವ್ವ. ಸತ್ತೋರ ಮ್ಯಾಲ ಯಾಕ ಸಿಟ್ಟು" ಎಂದಳು.

ಮರೆತಿದ್ದಳಂತೆ. ನಾನು ಕಣ್ಣೆದುರೇ ತಿಂಗಳುಗಟ್ಟಲೆ ಹುಡುಕುವಾಗ ಚಹಾ ಮಾಡಿ ತಂದವಳು, ಗಾಯಕ್ಕೆ ಅರಿಸಿನ ಹಚ್ಚಿದವಳು, ಮರೆತಿದ್ದಳಂತೆ. ಆದರೂ ಅಪ್ಪನ ಮಟ್ಟಿಗೆ ನಾನು ಆ ಮಾತನ್ನು ಹಿಡಿದುಕೊಂಡೆ. ನನಗೆ ಅದು ಬೇಕಾಗಿತ್ತು. ಆ ಕಾಲವೇ ಹಾಗಿತ್ತು, ಮಗಳ ಬಗ್ಗೆ ಅಂಜಿದ್ದ, ಹಾಕಿಸಿದ್ದ. ಆಮೇಲೆ ಮುಪ್ಪು ಬಂತು, ಜಡ್ಡು ಬಂತು. ಸಾಯುವ ಮನುಷ್ಯನಿಗೆ ಸೀಟಿನ ಕೆಳಗಿನ ಸ್ವಿಚ್ಚು ಎಲ್ಲಿ ನೆನಪಿರುತ್ತದೆ? ಗಾಡಿ ಮಗಳಿಗೆ ಎಂದನಲ್ಲ, ಅದು ಮನಸ್ಸಿನಿಂದ ಬಂದ ಮಾತು. ಹೀಗೆ ಹೇಳಿಕೊಂಡು, ಸಿಟ್ಟನ್ನೆಲ್ಲ ತಮ್ಮನ ಕಡೆ ತಿರುಗಿಸಿದೆ.

ಅವನಿಗೆ ಫೋನು ಹಚ್ಚಿದೆ. ಅವನು ನಕ್ಕ. "ಅಯ್ಯ ಅಕ್ಕ, ಹೇಳಬೇಕಂತ ಮಾಡಿದ್ದೆ, ಖಾಲಿಪೀಲಿ ಮರ್ತು ಹೋಗ್ಯಾದ ನೋಡು. ಅದ್ರಾಗ ಏನದ? ಗಾಡಿ ನಿಂದಾ ಅಲ್ಲೇನು?"

"ಹೌದು. ಗಾಡಿ ನಂದು, ಸ್ವಿಚ್ಚು ನಿಂದು" ಎಂದು ಫೋನು ಇಟ್ಟೆ.

ಸ್ವಿಚ್ಚನ್ನು ಕಿತ್ತೆ. ಹೆಣೆದ ವೈರನ್ನು ಕ್ಲಿಪ್ಪಿನ ಸಮೇತ ಎಳೆದು ತೆಗೆದೆ. ಕೀಲಿಯಿಂದ ಕಾಯಿಲ್‌ಗೆ ಹೊಸ ವೈರು ಎಳೆದು, ಗಂಟು ಹಾಕದೆ ಬೆಸುಗೆ ಹಾಕಿ, ಕೊಳವೆ ತೊಡಿಸಿ ಮುಗಿಸಿದೆ. ಅಂಥ ಚಂದದ ಕೆಲಸ ಆ ಗಾಡಿಯಲ್ಲಿ ಅಪ್ಪನ ಕಾಲದಲ್ಲೂ ಯಾರೂ ಮಾಡಿರಲಿಲ್ಲ.

ಮುಂದಿನ ರವಿವಾರ ಮುಂಜಾನೆ ಗಾಡಿ ತೊಳೆದು, ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿ, ಅವ್ವನಿಗೆ ಹೊಸ ಸೀರೆ ಉಟ್ಟುಕೋ ಎಂದೆ. ಕರಜಗಿಗೆ ಹೋಗೋಣ ಎಂದೆ. ಅವಳು ಹೊಸ್ತಿಲ ಮೇಲೆ ನಿಂತಳು. ತವರಿಗೆ ಎಂದರೆ ನಿದ್ದೆಯಲ್ಲೂ ಎದ್ದು ಹೊರಡುವ ಜೀವ ಅದು.

"ತಮ್ಮ ಬರ್ಲಿ" ಎಂದಳು.

"ಅವ ಯಾಕ ಬರಬೇಕು? ಗಾಡಿ ಹತ್ತ್ಯಾದಲ್ಲ, ಕೇಳವಲ್ದೇನು?"

"ಹತ್ತ್ಯಾದ ಖರೆ. ನೀ ಓಡಸ್ತಿ ಅಂದ್ರ ನಾ ಒಲ್ಲೆ. ನಮ್ಮಣ್ಣ ಏನಂದಾನು? ಊರ ಮಂದಿ ಏನಂದಾರು?"

ಎಷ್ಟು ಕರೆದರೂ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಇದ್ದಳು, ಎಲ್ಲಿ ನಾನು ಎತ್ತಿ ಕೂಡಿಸುತ್ತೇನೋ ಎನ್ನುವ ಹಾಗೆ. ನಾನು ಒಬ್ಬಳೇ ಹೊರಟೆ. ಎದುರುಮನೆಯವಳು ಗ್ಯಾಲರಿಯಲ್ಲಿದ್ದಳು. ನಾನು ತಲೆ ಎತ್ತಿ ನೋಡಲಿಲ್ಲ, ಹಾರ್ನು ಮಾತ್ರ ಜೋರಾಗಿ ಬಾರಿಸಿದೆ.

ಗಾಡಿ ಚೆನ್ನಾಗಿ ಓಡಿತು. ಸ್ಟೇರಿಂಗು ಭಾರ, ಗೇರು ಹಟಮಾರಿ, ಆದರೆ ಎಲ್ಲೂ ಕೈ ಕೊಡಲಿಲ್ಲ. ಗೊಬ್ಬೂರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು, ಎರಡೂ ಕಡೆ ಕಪ್ಪು ಹೊಲ, ನಡುವೆ ನಾನು. ಅಫಜಲಪುರದಲ್ಲಿ ನಿಲ್ಲಿಸಿ ಮಾವನ ಮನೆಗೆಂದು ಒಂದು ಡಬ್ಬಿ ಪೇಢೆ ಕೊಂಡೆ. ಅಂಗಡಿಯವನು ಗಾಡಿಯನ್ನೂ ನನ್ನನ್ನೂ ನೋಡಿ, "ನೀವಾ ಓಡ್ಸ್ಕೊಂಡ್ ಬಂದ್ರೇನ್ರಿ? ಭೇಷ್ ನೋಡ್ರಿ" ಎಂದ. ಗುರುತಿಲ್ಲದ ಮನುಷ್ಯ. ಅಲ್ಲಿಂದ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಹೋಗಬೇಕಾಯಿತು, ಬೇಜಾರಾಗಲಿಲ್ಲ. ಮಾವ ಏನೆನ್ನಬಹುದು ಎಂದು ಯೋಚಿಸುತ್ತ ಹೋದೆ. ನನ್ನ ತಲೆ ಸವರಿದ ಮನುಷ್ಯ, ಸಂತೋಷಪಡುತ್ತಾನೆ ಎಂದುಕೊಂಡೆ.

ಕರಜಗಿಯಲ್ಲಿ ಮಾವನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ. ಮಾವ ಕಟ್ಟೆಯಿಂದ ಇಳಿದು ಬಂದ. ಹಿಂದಿನ ಸೀಟಿಗೆ ಬಗ್ಗಿ ನೋಡಿದ, ಆ ಕಡೆಯ ಬಾಗಿಲಿಗೆ ಹೋಗಿ ನೋಡಿದ. ತಮ್ಮ ಇಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದ. ಯಾವಾಗ ಬಂದಿ, ಹೆಂಗದಿ, ಅವ್ವ ಹೆಂಗದಾಳ, ಏನೂ ಕೇಳಲಿಲ್ಲ.

"ಸೀಟಿನ ಬುಡಕಿನ ಸ್ವಿಚ್ ನಿನಗ ಯಾರ್ ತೋರ್ಸಿದ್ರು?" ಎಂದ.

ನಾನು ಕೆಳಗಿಳಿದವಳು ಬಾಗಿಲು ಹಿಡಿದುಕೊಂಡೆ. "ನಿಮಗೂ ಗೊತ್ತೇನು ಮಾಮಾ?"

"ಎಲ್ಲಾರಿಗೂ ಗೊತ್ತಿತ್ತಲ್ಲವ್ವ. ನಿಮ್ಮಪ್ಪ ಅವತ್ತಾ ಹೇಳಿದ್ನಲ್ಲ." ಮಾವನಿಗೆ ಮುಚ್ಚಿಡುವ ವಿಷಯ ಎಂದು ಅನಿಸಿಯೇ ಇರಲಿಲ್ಲ, ಸಹಜವಾಗಿ ಹೇಳುತ್ತಿದ್ದ. "ಗಾಡಿ ಮಗಳಿಗಿ ಅಂದಾ, ನೀ ಅಪ್ಪನ ಕಾಲ್ ಹಿಡ್ದು ಅತ್ತಿ. ಆಮ್ಯಾಲ ಎದ್ದು ಮಾರಿ ತೊಳಕೊಳ್ಳಾಕ ಹೋದಿ. ಆಗ ಅಂದ ನೋಡು. ಅಕಿಗಿ ಗಾಡಿ ಅಂದೇನಿ, ಅಕಿ ಮನಸಿಗಿ ಸಮಾಧಾನ ಆಗ್ಲಿ, ಭಾಳ ಮಾಡ್ಯಾಳ ನನಗ. ಆದ್ರ ಸ್ವಿಚ್ಚಿಂದು ಮಾತ್ರ ಯಾರೂ ಹೇಳಬ್ಯಾಡ್ರಿ, ಅದು ತಮ್ಮನ ಕೈಯಾಗ ಇರ್ಲಿ ಅಂದ. ನಾವೆಲ್ಲಾ ಹೂಂ ಅಂದ್ವಿ. ಸಾಯೋ ಮನಷ್ಯಾಗ ಇಲ್ಲ ಅನ್ನಾಕ ಬರ್ತದೇನು?"

ಅತ್ತೆ ನೀರು ತಂದಳು. ಮಾವ ಕೈ ಚಾಚಿ, "ಕೀಲಿ ಕೊಡಿಲ್ಲಿ, ನೆರಳಿಗಿ ಹಚ್ಚತೇನಿ" ಎಂದ. ನಾನು ಕೊಡಲಿಲ್ಲ. ಪೇಢೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಶಾಲೆಯ ಕೆಲಸವಿದೆ ಎಂದು ಹೇಳಿ ತಿರುಗಿ ಹೊರಟೆ. ರವಿವಾರ ಯಾವ ಶಾಲೆ ಎಂದು ಅವರೂ ಕೇಳಲಿಲ್ಲ.

ವಾಪಸು ಬರುವ ದಾರಿಯಲ್ಲಿ ಅಪ್ಪನನ್ನು ಬೈಯಲು ನೋಡಿದೆ. ಆಗಲಿಲ್ಲ. ನನಗೆ ಆ ಕೋಣೆಯೇ ಕಣ್ಣಿಗೆ ಕಟ್ಟುತ್ತಿತ್ತು. ನಾನು ಬಚ್ಚಲಿಗೆ ಹೋದ ಅಷ್ಟು ಸ್ವಲ್ಪ ಹೊತ್ತಿನಲ್ಲಿ ಅವರೆಲ್ಲ ಮಂಚದ ಮೇಲೆ ಬಗ್ಗಿ ಕೇಳಿಸಿಕೊಂಡದ್ದು, ಹೂಂ ಎಂದದ್ದು, ಮತ್ತೆ ನೆಟ್ಟಗೆ ನಿಂತದ್ದು. ನಾನು ತಿರುಗಿ ಬಂದಾಗ ಹೆಂಗಸರು ಇನ್ನೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.

ಅವ್ವ ಗೇಟಿನ ಹತ್ತಿರವೇ ಕಾದಿದ್ದಳು. ಗಾಡಿಯನ್ನು ಶೆಡ್ಡಿನೊಳಗೆ ತಂದು ಆರಿಸಿದೆ. "ಏನಂದ ನಮ್ಮಣ್ಣ?" ಎಂದು ಕೇಳಿದಳು.

"ಅಪ್ಪ ಅವತ್ತು ಸ್ವಿಚ್ಚಿನ ಮಾತು ಹೇಳುವಾಗ ನೀನೂ ಆ ಕೋಣ್ಯಾಗ ಇದ್ದೇನು?"

ಅವಳು ಹೋಗಿ ಗೇಟಿನ ಚಿಲಕ ಹಾಕಿ ಬಂದಳು. "ಇದ್ದೆ" ಎಂದಳು.

ಆ ದಿನ ನಾನು ಬಚ್ಚಲಿಂದ ಹೊರಗೆ ಬಂದಾಗ ಬಾಗಿಲಲ್ಲಿ ನಿಂತು ಮುಖ ಒರೆಸಿಕೊಳ್ಳಲು ಟಾವೆಲ್ ಕೊಟ್ಟವಳು ಅವಳೇ.